ಬಣ್ಣ ಒಗ್ಗದ ನಟ

ಕಳೆದ ತಿಂಗಳು ಅವನು ತೀರಿಕೊಂಡ. ದಾದರಿನಲ್ಲಿ ನಮ್ಮ ಸಂಘದವರು ಸಂತಾಪಸಭೆ ಇಟ್ಟುಕೊಂಡಿದ್ದರು. ಮಾತಾಡಿದವರೆಲ್ಲ ಒಂದೇ ರಾಗ ಹಾಡಿದರು: ಮುಂಬಯಿಯ ಕನ್ನಡ ನಾಟಕಗಳಲ್ಲಿ ಮುಖಕ್ಕೆ ಬಣ್ಣ ಹಚ್ಚದೆ ನಟಿಸಿದ ಮೊದಲಿಗ, ಸಹಜಾಭಿನಯದ ಹರಿಕಾರ, ಇತ್ಯಾದಿ. ನನ್ನನ್ನೂ ಎರಡು ಮಾತಾಡಿ ಎಂದು ಕರೆದರು. ಗಂಟಲು ಕಟ್ಟಿದೆ ಎಂದು ಕೈಸನ್ನೆ ಮಾಡಿ ಕೂತುಬಿಟ್ಟೆ. ಪಕ್ಕದವರು ಪಾಪ, ಹಳೇ ಗೆಳೆಯನ ದುಃಖ ಎಂದುಕೊಂಡು ನನ್ನ ತೊಡೆ ತಟ್ಟಿದರು. ದುಃಖ ಇರಲಿಲ್ಲ ಎಂದಲ್ಲ. ಆದರೆ ಗಂಟಲು ಕಟ್ಟಿದ್ದು ಅದರಿಂದಲ್ಲ. ಹಾರ ಹಾಕಿದ ಫೋಟೋದಲ್ಲಿ ಅವನು ಬರಿ ಮುಖದಲ್ಲಿ ನಗುತ್ತಿದ್ದ, ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ನನಗೆ ಹೊಟ್ಟೆ ಉರಿಯುತ್ತಿತ್ತು.

ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚಿತ್ತು. ಇತ್ತು ಎಂದರೆ ಅರ್ಧ ಸುಳ್ಳು, ಈಗಲೂ ಇದೆ. ಸತ್ತವನ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ನೀವು ಕೇಳಬಹುದು. ಸತ್ತವನಿಗೆ ಅಷ್ಟು ಚಪ್ಪಾಳೆ ಬಿದ್ದರೆ ಬದುಕಿರುವವನು ಏನು ಮಾಡಬೇಕು, ಅದನ್ನೂ ನೀವೇ ಹೇಳಿ.

ಅರವತ್ತರ ದಶಕದ ಕೊನೆಯ ಮಾತು. ನಾನು ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ, ಇರುವುದು ಬೊರಿವಲಿಯಲ್ಲಿ, ಊರು ಉಡುಪಿಯ ಕಡೆ. ಆಗ ನಾನು ಚೆಲುವ. ಇದನ್ನು ಈಗ ನನ್ನ ಮೊಮ್ಮಕ್ಕಳು ನಂಬುವುದಿಲ್ಲ, ಹೆಂಡತಿಯೂ ಒಮ್ಮೊಮ್ಮೆ ಮಾತ್ರ ಒಪ್ಪುತ್ತಾಳೆ. ನಮ್ಮ ಸಂಘ ವರ್ಷಕ್ಕೊಂದೆರಡು ನಾಟಕ ಆಡುತ್ತಿತ್ತು. ದಾದರಿನ ಒಂದು ಶಾಲೆಯ ಕೊಠಡಿಯಲ್ಲಿ ಶನಿವಾರ ಮಧ್ಯಾಹ್ನ ರಿಹರ್ಸಲ್, ಮಾಟುಂಗಾ ಕಡೆ ಸಭಾಗೃಹ ಸಿಕ್ಕ ಭಾನುವಾರ ಪ್ರಯೋಗ. ಹೀರೋ ಯಾರೆಂದು ಯಾರೂ ಕೇಳುತ್ತಿರಲಿಲ್ಲ, ಅದು ನಾನೇ. ಮೇಕಪ್ ಮಾಡಲು ಗಿರಗಾಂವಿನಿಂದ ಒಬ್ಬ ಮರಾಠಿ ಮುದುಕ ಟ್ರಂಕು ಹೊತ್ತು ಬರುತ್ತಿದ್ದ. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅವನು ಮೊದಲು ನನ್ನನ್ನು ಕೂರಿಸಿ, ಕೋಲ್ಡ್ ಕ್ರೀಮ್ ತಿಕ್ಕಿ, ಅದರ ಮೇಲೆ ಗುಲಾಬಿ ಬಣ್ಣದ ಕಡ್ಡಿ ತೀಡಿ, ಪೌಡರು ಒತ್ತಿ, ಹುಬ್ಬು ತಿದ್ದಿ, ಕೊನೆಗೆ ಗಲ್ಲ ಹಿಡಿದು "ಹಾ, ಆತಾ ಝಾಲಾ ರಾಜಾ" ಎನ್ನುತ್ತಿದ್ದ. ಈಗ ರಾಜನಾದ ಎಂದರ್ಥ. ಕನ್ನಡಿಯಲ್ಲಿ ನೋಡಿಕೊಂಡರೆ ನನಗೂ ಹಾಗೇ ಅನಿಸುತ್ತಿತ್ತು. ನನಗೆ ಬದುಕಿನಲ್ಲಿ ಬೇಕಾದದ್ದು ಪ್ರಮೋಷನ್ನೂ ಅಲ್ಲ, ದೊಡ್ಡ ಮನೆಯೂ ಅಲ್ಲ. ನಾಟಕ ಮುಗಿದ ಮೇಲೆ ಜನ ಮೆಟ್ಟಿಲಿಳಿಯುತ್ತ ನನ್ನ ಬಗ್ಗೆ ಮಾತಾಡಬೇಕು, ಅಷ್ಟೇ.

ಆಗ ಇವನು ಬಂದ. ದಹಿಸರ್ ನಾಕಾದಲ್ಲಿ ಜಕಾತಿ ವಸೂಲಿಯ ಗುಮಾಸ್ತ. ಊರು ಗದಗಿನ ಹತ್ತಿರದ ಹಳ್ಳಿ, ಮನೆತನ ಕುರಿ ಸಾಕಿದವರದು. ನೋಡಲು ಹೇಳಿಕೊಳ್ಳುವಂಥದ್ದೇನೂ ಇಲ್ಲ: ಸಾಧಾರಣ ಎತ್ತರ, ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಬಣ್ಣ, ಸ್ವಲ್ಪ ಮುಂದೆ ಚಾಚಿದ ಕಿವಿಗಳು. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವ ಮೊದಲು ಎದೆಯ ಮೇಲೆ ಕೈಯಿಡುತ್ತಿದ್ದ, ತನ್ನನ್ನೇ ಕೇಳಿದ್ದೋ ಎಂದು ಖಾತ್ರಿ ಮಾಡಿಕೊಳ್ಳುವವನಂತೆ. ಯಾವುದಕ್ಕೂ "ನೋಡೂಣ್ರಿ" ಎನ್ನುತ್ತಿದ್ದ. ಚಹಾ ಬೇಕಾ ಎಂದರೂ ನೋಡೂಣ್ರಿ, ಮುಂದಿನ ವಾರ ಬರ್ತೀಯಾ ಎಂದರೂ ನೋಡೂಣ್ರಿ. ಆದರೆ ಎಲ್ಲರಿಗಿಂತ ಮೊದಲು ಬಂದು ಬೆಂಚು ಸರಿಸಿ, ನೆಲ ಗುಡಿಸಿ ಇಟ್ಟಿರುತ್ತಿದ್ದ. ಜೇಬಿನಲ್ಲಿ ಚುರುಮುರಿ ತುಂಬಿಕೊಂಡು ಬಂದು ಯಾರು ಎದುರಿಗೆ ಸಿಕ್ಕರೂ ಅವರ ಅಂಗೈಗೆ ಸುರಿಯುತ್ತಿದ್ದ. ಅಂಥವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೇ ಗೊತ್ತು.

ಮೊದಲ ನಾಟಕದಲ್ಲಿ ಅವನಿಗೆ ಅಂಚೆಯವನ ಪಾತ್ರ. ಒಳಗೆ ಬಂದು ತಂತಿ ಕೊಟ್ಟು ಹೋಗುವುದು. ಕಾಕಾ ಎಲ್ಲರಿಗೂ ಹಚ್ಚಿದ ಹಾಗೆ ಅವನಿಗೂ ಹಚ್ಚಿದ. ಅವನು ಕನ್ನಡಿಯ ಮುಂದಿನಿಂದ ಏಳಲೇ ಇಲ್ಲ. ಹಿಂದೆ ನಿಂತವರು ಬೈದು ಎಬ್ಬಿಸಬೇಕಾಯಿತು. ನಾಟಕ ಚೆನ್ನಾಯಿತು, ಅವನನ್ನು ಯಾರೂ ಗಮನಿಸಲಿಲ್ಲ. ಮರುದಿನ ಸೋಮವಾರ ಸಂಜೆ, ನನ್ನಿಂದ ತೆಗೆದುಕೊಂಡಿದ್ದ ಚಪ್ಪಲಿ ಕೊಡಲು ಬೊರಿವಲಿಯ ಮನೆಗೆ ಬಂದ. ನನ್ನ ಹೆಂಡತಿ ಊಟ ಮಾಡಿಸದೆ ಯಾರನ್ನೂ ಬಿಡುವವಳಲ್ಲ. ಅಂದು ಸಿಗಡಿ ಗಸಿ ಮಾಡಿದ್ದಳು. ಅವನು ಬದುಕಿನಲ್ಲಿ ಮೊದಲ ಸಲ ಸಿಗಡಿ ತಿಂದ, ಬೆರಳು ನೆಕ್ಕಿಕೊಂಡು ಹೋದ.

ಮಂಗಳವಾರ ಬೆಳಿಗ್ಗೆ ಬೊರಿವಲಿ ಸ್ಟೇಷನ್ನಿನಲ್ಲಿ ನನ್ನ ಮುಂದೆ ಯಾರೋ ಟವೆಲು ಸುತ್ತಿಕೊಂಡು ನಿಂತರು. ಟವೆಲು ತೆಗೆದರೆ ಇವನೇ. ಮುಖ ಇಡ್ಲಿಯ ಹಾಗೆ ಊದಿದೆ, ಕಣ್ಣಿದ್ದ ಕಡೆ ಎರಡು ಗೆರೆ, ಕೆನ್ನೆ ಕೆಂಪಗೆ ಹೊಳೆಯುತ್ತಿದೆ. ರಜೆಗೆ ಹೇಳಲು ನನ್ನ ಕಚೇರಿಯಿಂದ ಅವನ ಸಾಹೇಬರಿಗೆ ಫೋನು ಮಾಡಿಸಬೇಕಿತ್ತಂತೆ, ನನ್ನನ್ನು ಹುಡುಕಿಕೊಂಡು ಬಂದಿದ್ದ.

"ಏನಾಯ್ತು ಮಾರಾಯಾ?"

"ನಿಮ್ಮನ್ಯಾಗ ತಿಂದಿದ್ದು ನಂಗ ಬರ್ಲಿಲ್ಲ ಕಾಣ್ತೈತ್ರಿ" ಎಂದ, ಎದೆಯ ಮೇಲೆ ಕೈಯಿಟ್ಟುಕೊಂಡೇ.

ಈ ಮಾತು ನನ್ನ ಹೆಂಡತಿಯ ಕಿವಿಗೆ ಬಿತ್ತು. ಅದಕ್ಕಿಂತ ನನ್ನನ್ನು ಕೆಲಸದಿಂದ ತೆಗೆದಿದ್ದರೆ ಅವಳು ಸಮಾಧಾನವಾಗಿ ಇರುತ್ತಿದ್ದಳೇನೋ. "ನನ್ನ ಕೈಯಡುಗೆ ತಿಂದು ಇಷ್ಟು ವರ್ಷದಲ್ಲಿ ಯಾರಿಗೂ ಒಂದು ತೇಗು ಹೆಚ್ಚು ಬಂದದ್ದಿಲ್ಲ. ಇವರು ಮುಖ ಊದಿಸ್ಕೊಂಡು ಬಂದು ನನ್ನ ಸಿಗಡಿ ಮೇಲೆ ದೂರು ಹಾಕುದಾ?" ಎಂದು ವಾರಗಟ್ಟಲೆ ಹೇಳಿದಳು. ಅವನ ಹೆಂಡತಿ ಮಾತ್ರ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದಳಂತೆ. ಅಂಚೆಯವನ ಪಾತ್ರಕ್ಕೆ ದೃಷ್ಟಿ! ಹೀರೋ ನಾನಿದ್ದೆ, ನನಗೆ ಒಂದು ಗುಳ್ಳೆಯೂ ಎದ್ದಿರಲಿಲ್ಲ.

ಎರಡನೆಯ ನಾಟಕದಲ್ಲಿ ವಕೀಲನ ಪಾತ್ರ. ಆ ವಾರವಿಡೀ ಅವನು ಅನ್ನ, ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಭಾನುವಾರ ನಾಟಕ ಮುಗಿಯಿತು, ಸೋಮವಾರ ಸುಖವಾಗಿ ಇದ್ದ, ಮಂಗಳವಾರ ಮತ್ತೆ ಇಡ್ಲಿ. ನನ್ನ ಹೆಂಡತಿಗೆ ಹಬ್ಬವಾಯಿತು. "ಈಗ ಹೇಳಿ, ಯಾವ ಸಿಗಡಿ? ಅವರನ್ನು ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗಿ. ಏನು ಅಂತ ಬರೆಸಿಕೊಂಡೇ ಬನ್ನಿ" ಎಂದು ನನ್ನನ್ನು ಅಟ್ಟಿದಳು. ಹೀಗೆ ಹೆಂಡತಿಯ ಗಸಿಯ ಮಾನ ಉಳಿಸಲು ನಾನು ರಜೆ ಹಾಕಿ ಅವನ ಜೊತೆ ಪರೇಲ್ ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆ.

ಚರ್ಮದ ಡಾಕ್ಟರು ವಯಸ್ಸಾದವರು, ಮೆದು ಮಾತು. ಭಾನುವಾರ ಹಚ್ಚಿ ಮಂಗಳವಾರ ಬರುವುದಿದ್ದರೆ ಹಚ್ಚಿದ್ದರಲ್ಲೇ ಏನೋ ಇದೆ, ಇಂಥದ್ದು ತಕ್ಷಣ ಏಳುವುದಿಲ್ಲ, ಒಂದೆರಡು ದಿನ ಕಾಯುತ್ತದೆ ಎಂದರು. ಕಾಕಾನ ಟ್ರಂಕಿನಿಂದ ಒಂದೊಂದು ಚಿಟಿಕೆ ತರಿಸಿದರು. ಅದನ್ನೂ ತಮ್ಮ ಹತ್ತಿರವಿದ್ದ ಬೇರೆ ಬೇರೆ ಮುಲಾಮುಗಳನ್ನೂ ಬಟ್ಟೆಯ ತುಂಡುಗಳ ಮೇಲೆ ಸವರಿ ಅವನ ಬೆನ್ನಿಗೆ ಅಂಟಿಸಿ, ಎರಡು ದಿನ ಸ್ನಾನ ಮಾಡಬೇಡ, ತುರಿಸಬೇಡ, ಆಮೇಲೆ ಬಾ ಎಂದರು. ಮತ್ತೆ ಹೋದಾಗ ಅಂಟು ಕಿತ್ತು ನೋಡಿದರೆ ಕೋಲ್ಡ್ ಕ್ರೀಮಿನ ಕೆಳಗೆ ಕೆಂಪು, ಬಣ್ಣದ ಕಡ್ಡಿಯ ಕೆಳಗೆ ಕೆಂಪು, ಡಾಕ್ಟರ ಒಂದು ಮುಲಾಮಿನ ಕೆಳಗಂತೂ ಎದ್ದು ಕೂತ ಗುಳ್ಳೆಗಳು. ಅದು ಲ್ಯಾನೊಲಿನ್ ಅಂತೆ. ಕುರಿಯ ಉಣ್ಣೆ ತೊಳೆದಾಗ ಬರುವ ಜಿಡ್ಡು. ಸ್ನೋ, ಕ್ರೀಮು, ಮುಖಕ್ಕೆ ತೀಡುವ ಕಡ್ಡಿ, ಎಲ್ಲದರಲ್ಲೂ ಸೇರಿಸುತ್ತಾರೆ. ಲಕ್ಷಾಂತರ ಜನ ಹಚ್ಚಿಕೊಳ್ಳುತ್ತಾರೆ, ಏನೂ ಆಗುವುದಿಲ್ಲ. ಇವನ ಚರ್ಮಕ್ಕೆ ಅದು ಒಗ್ಗದು, ಮುಂದೆಯೂ ಒಗ್ಗುವ ಭರವಸೆಯಿಲ್ಲ.

ಕುರಿ ಎಂಬ ಮಾತು ಕೇಳಿದ್ದೇ ಅವನು ಹೊಟ್ಟೆ ಹಿಡಿದು ನಕ್ಕ. ನಕ್ಕರೆ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

"ಕುರಿ ನಡಬರಕ ಹುಟ್ಟೇನ್ರಿ ನಾ. ಕಂಬಳಿ ಮ್ಯಾಲ ಹಡದಾಳ ನಮ್ಮವ್ವ. ಕುರಿ ಉಣ್ಣಿ ಕತ್ತರಿಸಿ ಕತ್ತರಿಸಿ ಕೈ ಜಿಡ್ಡ ಆಗ್ತಿದ್ವು. ಆವಾಗ ಆಗ್ಲಾರದ್ದು ಮುಂಬಯಿಗೆ ಬಂದ್ ಕೂಡ್ಲೆ ಆತಲ್ರಿ!"

ಡಾಕ್ಟರೂ ನಕ್ಕರು. ಹಾಗೂ ಆಗುತ್ತದೆ, ಚರ್ಮ ಯಾವಾಗ ಮುನಿಯುತ್ತದೆ ಎಂದು ಹೇಳಲಾಗದು, ಕಂಬಳಿ ತಡೆದುಕೊಂಡವನು ಕ್ರೀಮು ತಡೆಯದೆ ಇರಬಹುದು ಎಂದರು. ನಾನೂ ನಕ್ಕೆ. ಆಗ ನಗು ಸುಲಭವಾಗಿತ್ತು, ಅವನಿನ್ನೂ ವಕೀಲ, ಅಂಚೆಯವ.

ಮೂರನೆಯ ನಾಟಕದಲ್ಲಿ ಸಿಕ್ಕಿದ್ದು ಹುಡುಗಿಯ ತಂದೆಯ ಪಾತ್ರ. ಆಡಬೇಕಾದವರಿಗೆ ಜ್ವರ ಬಂದು ಇವನ ಪಾಲಿಗೆ ಬಿತ್ತು. ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುವ ಅಭ್ಯಾಸ ಅವನಿಗಿತ್ತು, ಹಾಗಾಗಿ ತೊಂದರೆಯಾಗಲಿಲ್ಲ. ತೊಂದರೆ ಮುಖದ್ದು. ಕಾಕಾ ಕ್ರೀಮಿನ ಬದಲು ತೆಂಗಿನೆಣ್ಣೆ ಹಚ್ಚಿ ಅದರ ಮೇಲೆ ಬರೀ ಪುಡಿ ಬಣ್ಣ ಕೂರಿಸಿ ನೋಡಿದ. ದೀಪ ಹಾಕಿದ ಕೂಡಲೇ ಬಣ್ಣ ಕರಗಿ ಹುಬ್ಬಿನಿಂದ ಕಣ್ಣಿಗೆ ಇಳಿಯಿತು. ಮುಖ ತೊಳೆದುಕೊಂಡು ಹಾಗೇ ಹೋಗುತ್ತೇನೆ ಎಂದು ಅವನು ಎದ್ದ. ಕಾಕಾ ಹಣೆ ಹಣೆ ಬಡಿದುಕೊಂಡು "ರಂಗ್ ನಾಹಿ ತರ್ ನಾಟಕ್ ಕಸಲಾ?" ಎಂದ. ಬಣ್ಣವಿಲ್ಲದೆ ಎಂಥ ನಾಟಕ ಎಂದು ಅವನ ಪ್ರಶ್ನೆ. ನನ್ನ ಪ್ರಶ್ನೆಯೂ ಅದೇ ಆಗಿತ್ತು.

ನಾನು ಮದುಮಗ. ಹುಡುಗಿ ಬೇಡ ಎಂದು ಹಸೆಯಿಂದ ಎದ್ದು ಹೊರಡುತ್ತೇನೆ, ಮನಸ್ಸಿನಲ್ಲಿ ಪಶ್ಚಾತ್ತಾಪ ಇರುತ್ತದೆ. ನನ್ನ ಕಡೆಯವರೂ ಏಳುತ್ತಾರೆ. ಹುಡುಗಿಯ ತಂದೆ ಶಾಲು ಮಡಿಚುತ್ತ "ಊಟ ಮಾಡಿಕೊಂಡಾದರೂ ಹೋಗಿ" ಎನ್ನಬೇಕು, ಅಷ್ಟೇ ಮಾತು. ನಾನು ನನ್ನ ಪಶ್ಚಾತ್ತಾಪವನ್ನು ತುಂಬ ಚೆನ್ನಾಗಿ ಮಾಡುತ್ತಿದ್ದೆ, ತುಟಿ ನಡುಗಿಸುತ್ತಿದ್ದೆ. ಅಂದು ಅವನು ಆ ಮಾತು ಹೇಳುವಾಗ ಕತ್ತಿನಿಂದ ರಕ್ತ ಏರಿತು. ಗಲ್ಲ, ಕೆನ್ನೆ, ಆ ಚಾಚಿದ ಕಿವಿಗಳು, ಒಂದೊಂದಾಗಿ ಕೆಂಪಾದವು. ಮುಂದಿನ ಸಾಲಿನವರಿಗೆ ಕಂಡಿರಬೇಕು, ಅವರಿಂದ ಹಿಂದಿನವರಿಗೆ ದಾಟಿರಬೇಕು, ಸಭೆ ಉಸಿರು ಹಿಡಿದು ಕೂತಿತು. ನನ್ನ ಮುಖಕ್ಕೂ ರಕ್ತ ಏರಿದ್ದು ನಿಜ. ಆದರೆ ಕಾಕಾನ ಗುಲಾಬಿ ಬಣ್ಣದ ಹಿಂದೆ ಅದನ್ನು ಯಾರು ಕಾಣಬೇಕು?

ಮುಂದಿನ ವಾರ ಮುಂಬಯಿಯ ಕನ್ನಡ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಬಣ್ಣದ ಹಂಗಿಲ್ಲದೆ ಬರಿ ಮುಖವನ್ನು ಪ್ರೇಕ್ಷಕರ ಮುಂದಿಟ್ಟ ಧೈರ್ಯ, ಹೊಸ ಅಭಿನಯದ ಹೊಸ ಹೆಜ್ಜೆ ಎಂದೆಲ್ಲ ಇತ್ತು. ನನ್ನ ಹೆಸರು ಕೊನೆಯಲ್ಲಿ, 'ಇವರೂ ಸಹಕರಿಸಿದರು' ಎಂಬ ಸಾಲಿನಲ್ಲಿ, ಪರದೆ ಎಳೆದವನ ಪಕ್ಕದಲ್ಲಿತ್ತು. ಧೈರ್ಯವಂತೆ! ಅದು ಎಂಥ ಧೈರ್ಯ ಎಂದು ನನಗೂ, ಕಾಕಾನಿಗೂ, ಪರೇಲಿನ ಡಾಕ್ಟರಿಗೂ, ನನ್ನ ಹೆಂಡತಿಗೂ ಮಾತ್ರ ಗೊತ್ತಿತ್ತು.

ಆಮೇಲೆ ನಡೆದದ್ದು ನಮ್ಮ ಸಂಘದವರು ಮಾತ್ರ ಮಾಡಬಲ್ಲ ಕೆಲಸ. ಮುಂದಿನ ನಾಟಕದಲ್ಲಿ ಯಾರೂ ಮೇಕಪ್ ಮಾಡಿಕೊಳ್ಳಬಾರದು ಎಂದು ಕಾರ್ಯಕಾರಿ ಸಮಿತಿ ಠರಾವು ಮಾಡಿತು. ಕಾರ್ಯದರ್ಶಿ ಎದ್ದು ನಿಂತು, ಕಾಲ ಬದಲಾಗಿದೆ, ನಾವೂ ಬದಲಾಗಬೇಕು ಎಂದರು. ನನಗೆ ತಡೆಯಲಾಗಲಿಲ್ಲ.

"ಸ್ವಾಮೀ, ಅದು ಕಲೆಯೂ ಅಲ್ಲ, ಕಾಲವೂ ಅಲ್ಲ. ಅವನಿಗೆ ಕ್ರೀಮು ಹಚ್ಚಿದರೆ ತುರಿಕೆಯಾಗ್ತದೆ. ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದದ್ದು" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಖಜಾಂಚಿ ತನ್ನ ಪಕ್ಕದವನಿಗೆ ಏನೋ ಪಿಸುಗುಟ್ಟಿದ. ಕಾರ್ಯದರ್ಶಿ ಕನ್ನಡಕ ತೆಗೆದು, "ನೋಡಿ, ಹಿರಿಯ ಕಲಾವಿದರು ನೀವು. ಹೊಟ್ಟೆಕಿಚ್ಚು ನಿಮಗೆ ಶೋಭೆಯಲ್ಲ" ಎಂದರು.

"ಅವನನ್ನೇ ಕೇಳಿ ಮತ್ತೆ!"

ಅವನು ಹಿಂದಿನ ಬೆಂಚಿನಲ್ಲಿದ್ದ. ಎದೆಯ ಮೇಲೆ ಕೈಯಿಟ್ಟು ಎದ್ದು ನಿಂತ. "ಹೌದ್ರಿ. ಅವರು ಹೇಳೂದು ಖರೇ ಐತ್ರಿ. ನಂಗ ತುರಿಕಿ ಐತ್ರಿ" ಎಂದ.

ಇಡೀ ಕೊಠಡಿ ನಕ್ಕಿತು, ಚಪ್ಪಾಳೆಯೂ ಬಿತ್ತು. ಎಂಥ ವಿನಯ ನೋಡಿ ಎಂದು ಕಾರ್ಯದರ್ಶಿ ಕಣ್ಣು ಒದ್ದೆ ಮಾಡಿಕೊಂಡರು. ಅವನು ಗಾಬರಿಯಿಂದ ನನ್ನ ಕಡೆ ನೋಡಿ ಕೂತುಬಿಟ್ಟ. ಸತ್ಯ ಹೇಳಿ ನಾನು ಸಣ್ಣವನಾದೆ, ಅದೇ ಸತ್ಯ ಹೇಳಿ ಅವನು ದೊಡ್ಡವನಾದ. ಅಂದು ಮನೆಗೆ ಹೋಗಿ ಊಟ ಬಿಟ್ಟು ಮಲಗಿದೆ.

ಆ ಬಣ್ಣವಿಲ್ಲದ ನಾಟಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೀಪದ ಕೆಳಗೆ ಎಲ್ಲರೂ ಆಸ್ಪತ್ರೆಯಿಂದ ಎದ್ದು ಬಂದವರ ಹಾಗೆ ಕಂಡೆವು. ಘಾಟ್‌ಕೋಪರಿನಿಂದ ಬಂದ ಒಬ್ಬರು ಮಧ್ಯಂತರದಲ್ಲಿ, ನಿಮ್ಮ ಸಂಘದಲ್ಲಿ ಕಾಮಾಲೆ ಹಬ್ಬಿದೆಯಾ ಎಂದು ಕೇಳಿದರು. ನಾಯಕಿಯಾಗಬೇಕಿದ್ದ ಹೆಣ್ಣುಮಗಳು ಪೌಡರಾದರೂ ಹಚ್ಚಲು ಬಿಡಿ ಎಂದು ಅತ್ತು, ಬಿಡದಿದ್ದಾಗ ಚೆಂಬೂರಿನ ಬೇರೊಂದು ಸಂಘಕ್ಕೆ ಹೋಗಿಬಿಟ್ಟಳು. ಅವನೊಬ್ಬ ಮಾತ್ರ ಎಂದಿನಂತೆ ಚೆನ್ನಾಗಿ ಆಡಿದ. ಮುಂದಿನ ವರ್ಷ ಸಮಿತಿ ಕಾಕಾನನ್ನು ಮರಳಿ ಕರೆಸಿತು, ನಮ್ಮ ಹರಿಕಾರನ ಮುಖವನ್ನು ಮಾತ್ರ ಬಿಟ್ಟು ಉಳಿದವರಿಗೆ ಹಚ್ಚಲು.

ಅಲ್ಲಿಂದ ಮುಂದೆ ದೊಡ್ಡ ಪಾತ್ರಗಳೆಲ್ಲ ಅವನವು. ನಾನು ಗೆಳೆಯ, ಅಣ್ಣ, ನೆರೆಮನೆಯವ. ಗ್ರೀನ್‌ರೂಮಿನಲ್ಲಿ ಕಾಕಾ ನನ್ನನ್ನು ತಿದ್ದುವಾಗ ಅವನು ಡಬ್ಬದ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕನ್ನಡಿ ತಾನೇ ಹಿಡಿಯುತ್ತಿದ್ದ. ಒಮ್ಮೊಮ್ಮೆ ಬಣ್ಣದ ಕಡ್ಡಿಯ ಮುಚ್ಚಳ ಎತ್ತಿ ಮೂಸಿ ಮತ್ತೆ ಇಡುತ್ತಿದ್ದ. ಇಷ್ಟೆಲ್ಲ ಬಳಿದುಕೊಂಡರೂ ನಿನಗೆ ಬರುವುದಿಲ್ಲ, ನನಗೆ ಬರಿ ಮುಖ ಸಾಕು ಎಂದು ಅಣಕಿಸುತ್ತಿದ್ದಾನೆ ಎಂದೇ ನನ್ನ ಲೆಕ್ಕ. ಒಂದು ಶನಿವಾರ ರಿಹರ್ಸಲ್ ಮುಗಿಸಿ ಲೋಕಲ್‌ನಲ್ಲಿ ಬಾಗಿಲ ಹತ್ತಿರ ಒತ್ತಿಕೊಂಡು ನಿಂತಿದ್ದಾಗ ಕೇಳಿಯೇಬಿಟ್ಟೆ.

"ನನ್ನ ಮುಖದಲ್ಲಿ ಎಂತ ನೋಡ್ತೀಯಾ ನೀನು ಯಾವಾಗ್ಲೂ?"

ಅವನು ಚುರುಮುರಿ ಜಗಿಯುವುದನ್ನು ನಿಲ್ಲಿಸಿದ. "ನಮ್ಮೂರಾಗ ಸಣ್ಣಾಟದವರು ಬರ್ತಿದ್ರಿ. ಅವರು ಬಣ್ಣಾ ಹಚಗೊಳ್ಳೂ ಗುಡಿಸ್ಲದಾಗ ನಾ ಹೊಕ್ಕೊಂಡ ಕುಂಡರ್ತಿದ್ದೆ. ಒಬ್ಬಾವ ಒಂದ್ಸಲ ನನ್ನ ಗಲ್ಲಕ್ಕ ಬೊಟ್ಟಿಲೆ ಬಣ್ಣಾ ಹಚ್ಚಿದ್ನರಿ. ತಾನಾಗಿ ಹೋಗೂತನಕ ಮಾರಿ ತೊಳೀಲಿಲ್ರಿ ನಾ. ನಾಟಕಾ ಮಾಡೂದು ನಂಗೇನ ಬೇಕಾಗಿರಲಿಲ್ಲ. ಬಣ್ಣಾ ಬೇಕಾಗಿತ್ರಿ. ಅದಕ್ಕ ನಿಮ್ಮ ಸಂಘಕ್ಕ ಬಂದೆ." ಉಳಿದ ಚುರುಮುರಿಯನ್ನು ನನ್ನ ಅಂಗೈಗೆ ಸುರಿದ. "ನಿಮ್ಮ ಮ್ಯಾಲ ನಂಗ ಭಾಳ ಹೊಟ್ಟಿಕಿಚ್ಚ ಐತ್ರಿ."

ಜಗತ್ತಿನಲ್ಲಿ ನನ್ನ ಸ್ವಂತದ್ದು ಎಂದು ಉಳಿದಿದ್ದದ್ದು ಆ ಹೊಟ್ಟೆಕಿಚ್ಚು ಒಂದೇ. ಅದರಲ್ಲೂ ಇವನು ಪಾಲು ಕೇಳುತ್ತಿದ್ದ. ಅದೂ ಅಷ್ಟು ಚೆನ್ನಾಗಿ, ಬಿಚ್ಚುಮನಸ್ಸಿನಿಂದ, ಕಿವಿ ಕೆಂಪು ಮಾಡಿಕೊಂಡು ಹೇಳಿದ್ದ. ಬೊರಿವಲಿ ಬಂತು, ಇಳಿದುಬಿಟ್ಟೆ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಸಂಘದ ಬೆಳ್ಳಿಹಬ್ಬ ಬಂತು. ಕಾರ್ಯದರ್ಶಿ ಸ್ವತಃ ಒಂದು ರಾಜನ ನಾಟಕ ಬರೆದರು. ಕಿರೀಟ, ಭುಜಕೀರ್ತಿ, ಸಿಂಹಾಸನ ಎಲ್ಲ ಬಾಡಿಗೆಗೆ ಬರುವುದಿತ್ತು. ಊರಿನಿಂದ ಬರುವ ಅತಿಥಿಗಳು ಶ್ರೇಷ್ಠ ನಟನಿಗೆ ಪದಕ ಕೊಡುವುದೆಂದೂ ತೀರ್ಮಾನವಾಯಿತು. ನನಗೆ ಕೂದಲು ಹಿಂದೆ ಸರಿಯತೊಡಗಿತ್ತು, ಹೊಟ್ಟೆ ಮುಂದೆ ಬರತೊಡಗಿತ್ತು. ರಾಜನಾಗಲು ಅದೇ ಕೊನೆಯ ಅವಕಾಶ ಎಂದು ನನಗೆ ಗೊತ್ತಿತ್ತು. ಎಷ್ಟೋ ಜನರ ಹತ್ತಿರ ಹೇಳಿಸಿದೆ. ಸಮಿತಿ ಅವನನ್ನೇ ರಾಜ ಮಾಡಿತು, ನನ್ನನ್ನು ಮಂತ್ರಿ ಮಾಡಿತು.

ಪ್ರಯೋಗ ಭಾನುವಾರ ಮಧ್ಯಾಹ್ನ. ಗ್ರೀನ್‌ರೂಮಿಗೆ ಹೋದರೆ ನನ್ನ ಕುರ್ಚಿಯಲ್ಲಿ ಅವನು ಕೂತಿದ್ದ. ಕತ್ತಿಗೆ ಟವೆಲು ಕಟ್ಟಿಕೊಂಡು, ಕಣ್ಣು ಮುಚ್ಚಿ, ಮುಖ ಮೇಲೆತ್ತಿ. ಕಾಕಾ ಕ್ರೀಮಿನ ಡಬ್ಬಿ ಹಿಡಿದು ಹಚ್ಚಲೋ ಬೇಡವೋ ಎಂದು ನಿಂತಿದ್ದ.

"ತಲೆ ಸರಿ ಉಂಟಾ ನಿನಗೆ? ಡಾಕ್ಟ್ರು ಎಂತ ಹೇಳಿದ್ದು? ಮುಖ ಊದ್ತದೆ ಮಾರಾಯಾ" ಎಂದೆ. ನನಗೆ ನಿಜವಾಗಿಯೂ ಭಯವಾಗಿತ್ತು.

ಅವನು ಕಣ್ಣು ತೆರೆಯಲಿಲ್ಲ. "ಊದೂದು ಮಂಗಳಾರ್ರಿ. ಇವತ್ತ ಐತಾರ ಐತಿ. ರಾಜನ ಪಾತ್ರ ಮತ್ತ ಯಾವಾಗ ಬರ್ಬೇಕ್ರಿ ನಂಗ? ಹಚ್ರಿ ಕಾಕಾ" ಎಂದ.

ಕಾಕಾ ಹಚ್ಚಿದ. ಇಷ್ಟು ವರ್ಷ ಹಚ್ಚದೆ ಉಳಿದದ್ದನ್ನೆಲ್ಲ ಒಂದೇ ದಿನ ಹಚ್ಚಿದ. ಕೊನೆಗೆ ಗಲ್ಲ ಹಿಡಿದು "ಹಾ, ಆತಾ ಝಾಲಾ ರಾಜಾ" ಎಂದ. ನನಗೆ ಹೇಳುತ್ತಿದ್ದ ಮಾತು ಅದು. ಕನ್ನಡಿ ಹಿಡಿಯಲು ಹತ್ತಿರ ಯಾರೂ ಇರಲಿಲ್ಲ, ನಾನೇ ಹಿಡಿಯಬೇಕಾಯಿತು. ಅವನು ತನ್ನನ್ನು ನೋಡಿಕೊಂಡ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ.

ನಾಟಕ ಕೆಟ್ಟಿತು. ಅಂದರೆ, ಅವನು ಕೆಟ್ಟದಾಗಿ ಆಡಿದ. ಬದುಕಿನಲ್ಲಿ ಅಷ್ಟು ಕೆಟ್ಟದಾಗಿ ಯಾರೂ ಆಡಿದ್ದನ್ನು ನಾನು ಕಂಡಿಲ್ಲ. ಸಿಂಹಾಸನದಿಂದ ಏಳಬೇಕಾದಾಗ ಏಳಲಿಲ್ಲ, ಕೂರಬೇಕಾದಾಗ ರಂಗದ ತುಂಬ ಗಂಭೀರವಾಗಿ ಓಡಾಡಿದ. ಮಗ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಅವನ ಮುಖದಲ್ಲಿ ಸಂತೋಷವೇ ಸಂತೋಷ. ಎಲ್ಲರ ಮಾತೂ ಬಾಯಿಪಾಠ ಇರುತ್ತಿದ್ದವನಿಗೆ ತನ್ನ ಮಾತೇ ಮರೆತುಹೋಯಿತು. ನಾನು ಮಂತ್ರಿ, ಪಕ್ಕದಲ್ಲೇ ನಿಲ್ಲುವವನು. "ಪ್ರಭುಗಳು ಹೇಳಬಯಸುವುದು ಏನೆಂದರೆ" ಎಂದು ಶುರುಮಾಡಿ ಅವನ ಮಾತುಗಳನ್ನೂ ನಾನೇ ಆಡಿದೆ. ಅವನ ಮಗನಿಗಾಗಿ ನಾನು ಅತ್ತೆ. ಜನ ನನ್ನನ್ನು ನೋಡಿದರು. ಆಹಾ, ನೋಡಿದರು! ಪರದೆ ಬಿದ್ದ ಮೇಲೆ ಪದಕಕ್ಕೆ ನನ್ನ ಹೆಸರು ಕರೆದರು. ಕಾರ್ಯದರ್ಶಿ ಅಪ್ಪಿಕೊಂಡರು, ಖಜಾಂಚಿ ಕೈ ಕುಲುಕಿದ, ನನ್ನ ಹೆಂಡತಿ ಮೊದಲ ಸಾಲಿನಲ್ಲಿ ಕೂತು ಅತ್ತಳು. ಜನ ಮೆಟ್ಟಿಲಿಳಿಯುತ್ತ ನನ್ನ ಬಗ್ಗೆಯೇ ಮಾತಾಡಿದರು, ನಾನು ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ರಾಜ ಎಲ್ಲಿ ಎಂದು ಹುಡುಕಿದರೆ ಅವನು ಕಿರೀಟ, ಬಟ್ಟೆ ಬಿಚ್ಚಿಟ್ಟು ಆಗಲೇ ಹೊರಟುಹೋಗಿದ್ದ. ನಾಚಿಕೆಯಾಗಿರಬೇಕು ಎಂದುಕೊಂಡೆ. ಆಗಲಿ ಎಂದೂ ಅನಿಸಿತು.

ಮಂಗಳವಾರ ಆಫೀಸು ಮುಗಿಸಿ, ಬೊರಿವಲಿಯಲ್ಲಿ ಇಳಿಯದೆ ಮುಂದಿನ ಸ್ಟೇಷನ್ ದಹಿಸರ್‌ಗೆ, ಅವನ ಮನೆಗೆ ಹೋದೆ. ಪದಕ ಜೇಬಿನಲ್ಲಿತ್ತು. ಅವನನ್ನು ವಿಚಾರಿಸಿಕೊಂಡ ಹಾಗೂ ಆಯಿತು, ಪದಕ ತೋರಿಸಿದ ಹಾಗೂ ಆಯಿತು ಎಂದು ನನ್ನ ಎಣಿಕೆ. ಬಾಗಿಲು ತೆಗೆದ ಅವನ ಹೆಂಡತಿಯ ಬಾಯಿಂದ ಬೈಗುಳ ಇನ್ನೂ ನಿಂತಿರಲಿಲ್ಲ. ಒಳಗೆ ಚಾಪೆಯ ಮೇಲೆ ಅವನಿದ್ದ. ಹಿಂದೆ ಎರಡು ಸಲ ಕಂಡದ್ದು ಇದರ ಮುಂದೆ ಏನೂ ಅಲ್ಲ. ಕಣ್ಣುಗಳು ಪೂರ್ತಿ ಮುಚ್ಚಿವೆ, ತುಟಿ ಮಗುಚಿದೆ, ಕೆನ್ನೆಯಿಂದ ನೀರು ಸೋರುತ್ತಿದೆ, ಮುಖಕ್ಕೆಲ್ಲ ಗುಲಾಬಿ ಬಣ್ಣದ ಔಷಧಿ ಮೆತ್ತಿದೆ.

"ಕೇಳ್ರಿ ಅವರನ್ನ, ಕೇಳ್ರಿ" ಎಂದಳು ಹೆಂಡತಿ. "ಐತಾರ ಮಾರಿ ತೊಳಕೊಳ್ಳಲಿಲ್ರಿ. ರಂಗದ ಬಣ್ಣಾ ಹಂಗ ಇಟಗೊಂಡ ಗಾಡ್ಯಾಗ ಬಂದಾರ. ಹಂಗ ಉಂಡ್ರು, ಹಂಗ ಮಲಗಿದ್ರು. ಸೋಮಾರ ಮುಂಜಾನಿ ನಾ ಕೊಡ ತಂದ ಮಾರಿ ಮ್ಯಾಲ ಸುರಿವಿದೆ, ಆವಾಗ ಹೋತ್ರಿ ಅದು."

ನನ್ನ ದನಿ ಕೇಳಿ ಅವನು ಎದ್ದು ಕೂರಲು ನೋಡಿದ. ನಾಟಕ ಕೆಡಿಸಿದ್ದಕ್ಕೆ ಕ್ಷಮೆ ಕೇಳುತ್ತಾನೆ ಎಂದುಕೊಂಡೆ. ದೊಡ್ಡ ಮನಸ್ಸಿನಿಂದ ಕ್ಷಮಿಸಲು ಸಿದ್ಧನಾಗಿಯೂ ಇದ್ದೆ. ಜೇಬಿಗೆ ಕೈ ಹಾಕಿ ಪದಕ ಹಿಡಿದುಕೊಂಡೆ.

"ನಿಮಗ ಹೇಳ್ಬೇಕಂತ ಎರಡ ದಿನದಿಂದ ಕಾಯಾಕತ್ತೇನ್ರಿ" ಎಂದ. ಊದಿದ ತುಟಿಯಿಂದ ಮಾತು ಕಷ್ಟಪಟ್ಟು ಹೊರಗೆ ಬರುತ್ತಿತ್ತು. "ದಾದರ್‌ನ್ಯಾಗ ಲೋಕಲ್ ಹತ್ತಿದೆ. ಐತಾರದ ಮಂದಿ, ಕಾಲಿಡಾಕ ಜಾಗಾ ಇಲ್ಲ. ಎಲ್ಲಾರೂ ನನ್ನ ನೋಡಾಕ ಹತ್ತಿದ್ರು. ಕಿಟಕಿ ಕಡೆ ಒಬ್ಬ ಮುದುಕ ಕುಂತಿದ್ದ. ಆವ ಎದ್ದು ನಿಂತ, 'ಆಯಿಯೇ ಮಹಾರಾಜ್, ಬೈಠಿಯೇ' ಅಂದ. ನಾ ಬ್ಯಾಡ ಅಂದೆ, ಕೇಳಲಿಲ್ಲ. ದಹಿಸರ್‌ತನಕಾ ಕಿಟಕಿಗೆ ಕುಂತ ಬಂದೇನ್ರಿ ನಾ!"

ಭುಜ ಕುಣಿಯತೊಡಗಿತು. ನಗುತ್ತಿದ್ದ. ನಕ್ಕರೆ ಕೆನ್ನೆಯ ಬಿರುಕು ಬಾಯಿ ಬಿಟ್ಟು ನೋಯುತ್ತಿರಬೇಕು, ಆದರೂ ನಗುತ್ತಿದ್ದ. ಹೆಂಡತಿ ಬೈಯುತ್ತಲೇ ಒದ್ದೆ ಬಟ್ಟೆ ಒತ್ತುತ್ತಿದ್ದಳು.

ನಾನು ಎಷ್ಟು ನಾಟಕಗಳಲ್ಲಿ ಎಷ್ಟು ಸಲ ಬಣ್ಣ ಹಚ್ಚಿಕೊಂಡಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ ಪರದೆ ಬಿದ್ದ ಕೂಡಲೇ ಓಡಿಹೋಗಿ ತಿಕ್ಕಿ ತೊಳೆದುಕೊಂಡಿದ್ದೇನೆ, ಗಾಡಿಯಲ್ಲಿ ಯಾರಾದರೂ ನೋಡಿದರೆ ಎಂದು ಕಿವಿಯ ಹಿಂದೆಯೂ ಬಿಟ್ಟಿಲ್ಲ. ಅದೇ ದಾರಿಯ ಲೋಕಲ್‌ನಲ್ಲಿ ನನಗೆ ಯಾರೂ ಜಾಗ ಬಿಟ್ಟುಕೊಟ್ಟಿಲ್ಲ, ಹರ್ನಿಯಾ ಆಪರೇಷನ್ ಆಗಿ ವಾರಕ್ಕೇ ಆಫೀಸಿಗೆ ಹೊರಟಾಗಲೂ ಬಿಟ್ಟುಕೊಟ್ಟಿಲ್ಲ.

"ಅದಿರ್ಲಿ, ನೀವೇನೋ ತಂದಂಗ ಕಾಣ್ತದಲ್ರಿ?" ಎಂದ, ನನ್ನ ಜೇಬಿನ ಸದ್ದು ಕೇಳಿ.

"ಏನಿಲ್ಲ, ಚಿಲ್ಲರೆ" ಎಂದೆ.

ಹೊರಗೆ ಬಂದು ಸ್ಟೇಷನ್ನಿಗೆ ನಡೆದೆ. ಗಾಡಿ ಖಾಲಿಯೇ ಇತ್ತು, ಸಂಜೆ ಆ ಹೊತ್ತಿನಲ್ಲಿ ಪೇಟೆಯ ದಿಕ್ಕಿಗೆ, ಚರ್ಚ್‌ಗೇಟ್ ಕಡೆಗೆ ಯಾರು ಹೋಗುತ್ತಾರೆ? ಕಿಟಕಿಯ ಸೀಟುಗಳೆಲ್ಲ ಖಾಲಿ. ಬೊರಿವಲಿ ತನಕ ನಿಂತುಕೊಂಡೇ ಬಂದೆ.